ಮೂರು ಕಾಗದ, ಒಂದೇ ಪೆನ್ನು, ಅಮ್ಮನ ಮಾತೆಲ್ಲಿ?

ಪ್ರಶ್ನೆ: ನನಗೆ 46 ವರ್ಷ. ಕಾಪುವಿನಲ್ಲಿ ಗಂಡನ ಮನೆ, ಶಾಲೆಯೊಂದರ ಕಚೇರಿಯಲ್ಲಿ ಕೆಲಸ. ಅಮ್ಮನಿಗೆ 74. ಕಾರ್ಕಳದ ಹತ್ತಿರದ ಹಳ್ಳಿಯ ಹಳೆ ಮನೆಯಲ್ಲಿ ಒಬ್ಬರೇ ಇರುತ್ತಾರೆ, ಎಷ್ಟು ಕರೆದರೂ ಬರುವುದಿಲ್ಲ. ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ದನಕ್ಕೆ ಅಕ್ಕಚ್ಚು ಕೊಡಲು ಹೊರಟವರು ಅಂಗಳದ ಪಾಚಿಯಲ್ಲಿ ಜಾರಿ ಬಿದ್ದರು. ಚಿಕ್ಕಪ್ಪ ಮೊದಲು ಎಲುಬು ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು. ಎಣ್ಣೆ, ಕಟ್ಟು ಎಂದು ಎರಡು ದಿನ ಹೋಯಿತು. ನೋವು ತಡೆಯಲಾಗದೆ ದೊಡ್ಡ ಆಸ್ಪತ್ರೆಗೆ ತಂದೆವು. ತೊಡೆ ಎಲುಬಿನ ಕುತ್ತಿಗೆ ಮುರಿದಿದೆ ಎಂದು ಹೇಳಿ ಅರ್ಧ ಕೀಲು ಬದಲಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು. ನಡುವೆ ಎರಡು ರಾತ್ರಿ ಅಮ್ಮ ಎಂಥೆಂಥದೋ ಮಾತಾಡಿದರು, ಸತ್ತುಹೋದ ಅಜ್ಜನನ್ನು ಕರೆದರು. ಆಮೇಲೆ ಸರಿಯಾದರು. ಈಗ ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬರುತ್ತಾರೆ.

ನನ್ನ ಕಷ್ಟ ಬೇರೆ. ಸೇರಿಸಿದ ದಿನ ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕಿದೆ. ಮಾರನೆಯ ದಿನ ಕಿರಿಯ ಡಾಕ್ಟರೊಬ್ಬರು ಬಂದು, ಸೊಂಟ ಮುರಿದ ಹಿರಿಯರ ಮೇಲೆ ಒಂದು ಅಧ್ಯಯನ ಮಾಡುತ್ತಿದ್ದೇವೆ, ಎರಡು ಸಲ ಸ್ವಲ್ಪ ರಕ್ತ ತೆಗೆಯುತ್ತೇವೆ, ಒಂದು ವರ್ಷ ಆಗಾಗ ಫೋನ್ ಮಾಡಿ ಕೇಳುತ್ತೇವೆ ಎಂದರು. ಅದಕ್ಕೂ ಸಹಿ ಹಾಕಿದೆ. ಬಿಡುಗಡೆಯ ದಿನ ಎಲುಬಿಗೆಂದು ಆರು ತಿಂಗಳಿಗೊಮ್ಮೆ ತೆಗೆದುಕೊಳ್ಳುವ ಒಂದು ಇಂಜೆಕ್ಷನ್ ಬರೆದುಕೊಟ್ಟು, ಅದು ಲ್ಯಾಬಿನಲ್ಲಿ ತಯಾರಿಸಿದ ಆಂಟಿಬಾಡಿ ಎಂದರು. ದುಬೈಯಲ್ಲಿರುವ ತಮ್ಮನಿಗೆ ಇದನ್ನೆಲ್ಲ ಹೇಳಿದ್ದೇ ತಪ್ಪಾಯಿತು. ‘ಅಮ್ಮನನ್ನು ಪ್ರಯೋಗದ ಇಲಿ ಮಾಡಿದೆಯಾ, ಅರ್ಧ ಕೀಲು ಹಾಕಿದ್ದು ಯಾಕೆ, ಪೂರ್ತಿ ಹಾಕಲಿಕ್ಕೆ ಏನಾಗಿತ್ತು, ಕೂಡಲೇ ಹೆಸರು ವಾಪಸ್ ತೆಗೆಸು’ ಎಂದು ದಿನಾ ಧ್ವನಿ ಸಂದೇಶ. ಹೆಸರು ತೆಗೆಸಿದರೆ ಡಾಕ್ಟರುಗಳು ಬೇಸರಪಟ್ಟು ಅಮ್ಮನನ್ನು ಸರಿಯಾಗಿ ನೋಡದೆ ಹೋದರೆ ಎಂಬ ಹೆದರಿಕೆ ನನಗೆ. ಇಂಜೆಕ್ಷನ್ನೂ ಪ್ರಯೋಗವೇ? ನಾನು ಸಹಿ ಹಾಕಿದ್ದು ತಪ್ಪಾಯಿತೇ? ನಿದ್ದೆ ಬರುತ್ತಿಲ್ಲ.

– ಕಾಪುವಿನ ಓದುಗರು

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಚಿಕ್ಕಪ್ಪ ಏನು ಮಾಡಿದರು, ತಮ್ಮ ಏನು ಹೇಳಿದ, ಡಾಕ್ಟರು ಏನು ಕೇಳಿದರು, ನೀವು ಎಲ್ಲೆಲ್ಲಿ ಸಹಿ ಹಾಕಿದಿರಿ, ಎಲ್ಲವೂ ಇದೆ. ಅಮ್ಮ ಏನು ಹೇಳಿದರು ಎಂಬುದು ಮಾತ್ರ ಒಂದು ಸಾಲಿನಲ್ಲೂ ಇಲ್ಲ. ಬುದ್ಧಿ ನೆಟ್ಟಗಿದ್ದು, ಒಂಟಿಯಾಗಿ ಮನೆ, ದನ, ತೋಟ ನೋಡಿಕೊಂಡ ಹೆಂಗಸು ಅವರು. ಮುರಿದದ್ದು ಅವರ ಎಲುಬು, ತೆಗೆಯುವುದು ಅವರ ರಕ್ತ, ಚುಚ್ಚುವುದು ಅವರ ತೋಳಿಗೆ. ನಿಮ್ಮ ನಿದ್ದೆಗೆಡಿಸಿದ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಕೊಡುತ್ತೇನೆ. ಕೊನೆಗೆ ನಾವು ಬಂದು ನಿಲ್ಲುವುದು ಅಮ್ಮನ ಮಂಚದ ಹತ್ತಿರವೇ ಎಂದು ಈಗಲೇ ಹೇಳಿಬಿಡುತ್ತೇನೆ.

ನಾನು ವೈದ್ಯೆಯಲ್ಲ. ರೋಗಿಗಳ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಔಷಧ ಕೊಡಬೇಕೇ ಬೇಡವೇ ಎಂಬುದನ್ನು ಅಮ್ಮನನ್ನು ಪರೀಕ್ಷಿಸಿದ ಡಾಕ್ಟರೇ ಹೇಳಬೇಕು. ಅವರ ಎದುರು ಕೂತಾಗ ಏನು ಕೇಳಬೇಕು ಎಂಬುದರಲ್ಲಿ ನಾನು ಸಹಾಯ ಮಾಡಬಲ್ಲೆ.

ಮೊದಲು ಆ ಎರಡು ದಿನಗಳ ವಿಚಾರ ಮುಗಿಸೋಣ. ನೀವು ಅದನ್ನು ಒಂದೇ ಸಾಲಿನಲ್ಲಿ ಹೇಳಿ ದಾಟಿದ್ದೀರಿ, ಆದರೆ ಅದು ಕೊರೆಯುತ್ತಿದೆ ಎಂದು ಗೊತ್ತಾಗುತ್ತದೆ. ನಮ್ಮ ಕಡೆ ಕೈ ಉಳುಕಿದರೆ, ಅಡಿಕೆ ಮರದಿಂದ ಬಿದ್ದು ಕಾಲು ಮುರಿದರೆ ಎಲುಬು ಕಟ್ಟುವವರ ಹತ್ತಿರ ಓಡುವುದು ಇವತ್ತು ನಿನ್ನೆಯ ರೂಢಿಯಲ್ಲ. ಆದರೆ ಸೊಂಟದ ಕೀಲಿನ ಹತ್ತಿರ ತೊಡೆ ಎಲುಬು ಮುರಿದಾಗ ಹೊರಗಿನ ಕಟ್ಟು ಅಲ್ಲಿಗೆ ಮುಟ್ಟುವುದೇ ಇಲ್ಲ. ಕುತ್ತಿಗೆಯ ಭಾಗ ಮುರಿದರೆ ಎಲುಬಿನ ತಲೆಗೆ ಹೋಗುವ ರಕ್ತನಾಳಗಳೂ ಹರಿಯಬಹುದು. ಆಗ ಎಣ್ಣೆ ತಿಕ್ಕಿ ಕೂಡಿಸುವ ಮಾತೇ ಇಲ್ಲ. ಹಿರಿಯರಿಗೆ ಸಾಧ್ಯವಾದಷ್ಟು ಮಟ್ಟಿಗೆ ಒಂದೆರಡು ದಿನದೊಳಗೆ ಆಪರೇಷನ್ ಮಾಡಿ, ಮಾರನೆಯ ದಿನವೇ ಎಬ್ಬಿಸಿ ಕೂರಿಸಬೇಕು ಎಂಬುದು ಇಂದಿನ ಪದ್ಧತಿ. ಮಲಗಿದಷ್ಟೂ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಈ ಮಟ್ಟಿಗೆ ಚಿಕ್ಕಪ್ಪ ತಪ್ಪಿದರು. ಹಾಗೆಂದು ಅವರು ಅಮ್ಮನಿಗೆ ಕೇಡು ಬಗೆದವರಲ್ಲ. ಬಿದ್ದವರ ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದು ಕಂಡರೆ, ನಿಲ್ಲಲು ಆಗದಿದ್ದರೆ, ತಿಕ್ಕದೆ ಎಳೆಯದೆ ನೇರ ಆಸ್ಪತ್ರೆಗೆ ಒಯ್ಯಬೇಕು ಎಂದು ಅವರಿಗೆ ಹೇಳಿ. ಊರಿಗೆಲ್ಲ ಹೇಳುವ ಬಾಯಿ ಅವರದು, ಮುಂದಿನ ಮನೆಗೆ ಉಪಕಾರವಾದೀತು.

ಇನ್ನು ಕಾಗದಗಳು. ನಿಮ್ಮ ಗೊಂದಲಕ್ಕೆಲ್ಲ ಮೂಲ ಇಲ್ಲಿದೆ. ಮೂರು ಬೇರೆ ಬೇರೆ ಕಾಗದಗಳನ್ನು ನಿಮ್ಮ ತಮ್ಮ ಒಂದೇ ಕಟ್ಟಾಗಿ ಕಟ್ಟಿ ‘ಪ್ರಯೋಗ’ ಎಂದು ಹೆಸರಿಟ್ಟಿದ್ದಾನೆ. ಕಟ್ಟು ಬಿಚ್ಚೋಣ.

ಒಂದನೆಯದು ಆಪರೇಷನ್ನಿನ ಒಪ್ಪಿಗೆ. ಅದು ಚಿಕಿತ್ಸೆ. ಅರ್ಧ ಕೀಲು ಹಾಕಿದ್ದು ಯಾಕೆ ಎಂಬ ತಮ್ಮನ ಪ್ರಶ್ನೆ ಇದಕ್ಕೆ ಸೇರಿದ್ದು, ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಇದೆ. ಹತ್ತು ದೇಶಗಳಲ್ಲಿ, 50 ವರ್ಷ ದಾಟಿದ 1,495 ಮಂದಿಯ ಮೇಲೆ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ತೊಡೆ ಎಲುಬಿನ ಕುತ್ತಿಗೆ ಮುರಿದು ಬಂದವರಿಗೆ ಚೀಟಿ ಎತ್ತಿದ ಹಾಗೆ ಕೆಲವರಿಗೆ ಪೂರ್ತಿ ಕೀಲು, ಕೆಲವರಿಗೆ ಅರ್ಧ ಕೀಲು ಹಾಕಿ ಎರಡು ವರ್ಷ ಕಾದರು. 2019ರಲ್ಲಿ ಫಲಿತಾಂಶ ಬಂತು. ಮತ್ತೆ ಆಪರೇಷನ್ ಬೇಕಾದವರು ಎರಡೂ ಗುಂಪಿನಲ್ಲಿ ನೂರಕ್ಕೆ ಸುಮಾರು 8 ಮಂದಿ. ನಡೆದಾಟದಲ್ಲಿ ಪೂರ್ತಿ ಕೀಲಿನವರಿಗೆ ಸಿಕ್ಕ ಲಾಭ ಅಷ್ಟಕ್ಕಷ್ಟೆ. ಎಂದಮೇಲೆ 74ರ ಹೆಂಗಸಿಗೆ ಅರ್ಧ ಕೀಲು ಹಾಕಿದರೆ ಅದು ಅರ್ಧಂಬರ್ಧ ಚಿಕಿತ್ಸೆ ಆಗುವುದಿಲ್ಲ. ದಿನಾ ಗದ್ದೆ ತೋಟ ಸುತ್ತುವ, ಸಂಧಿವಾತ ಇರುವ ಕೆಲವರಿಗೆ ಪೂರ್ತಿ ಕೀಲು ಆರಿಸುವುದೂ ಉಂಟು. ಅಮ್ಮನಿಗೆ ಇದನ್ನೇ ಯಾಕೆ ಆರಿಸಿದಿರಿ ಎಂದು ಸರ್ಜನ್‌ರನ್ನು ಕೇಳಿ, ಬೇಸರ ಮಾಡಿಕೊಳ್ಳುವ ಪ್ರಶ್ನೆ ಅದಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ನಿಮ್ಮ ತಮ್ಮನ ಪ್ರಶ್ನೆಗೆ ಉತ್ತರ ಕೊಟ್ಟವರು ಯಾರು? ನೋವಿನಲ್ಲಿ ಮಲಗಿದ್ದಾಗಲೇ ಒಂದು ಅಧ್ಯಯನದ ಕಾಗದಕ್ಕೆ ಒಪ್ಪಿದ ಆ 1,495 ಮಂದಿ. ಅವರೆಲ್ಲ ‘ನಮ್ಮನ್ನು ಇಲಿ ಮಾಡಬೇಡಿ’ ಎಂದಿದ್ದರೆ ಇವತ್ತಿಗೂ ಡಾಕ್ಟರುಗಳು ಅಂದಾಜಿನಲ್ಲೇ ಹೇಳಬೇಕಿತ್ತು.

ಮೂಳೆ ಹೊರಗೆ ಕಾಣುವಂತೆ ಮುರಿದ ಗಾಯಗಳದೂ ಇದೇ ಕಥೆ. ನಮ್ಮ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದವರನ್ನು ನೋಡಿದವರಿಗೆ ಅಂಥ ಗಾಯ ಗೊತ್ತು, ಮಣ್ಣು ಕಲ್ಲು ಎಲ್ಲ ಒಳಗೆ ಸೇರಿರುತ್ತದೆ. ಸಾಬೂನು ನೀರಿನಲ್ಲಿ ತೊಳೆದರೆ ಹೆಚ್ಚು ಶುದ್ಧ ಎಂದು ಅನೇಕರು ನಂಬಿದ್ದರು. ಕೇಳಲಿಕ್ಕೂ ಸರಿ ಕಾಣುತ್ತದೆ. ಭಾರತವೂ ಸೇರಿದ್ದ ಒಂದು ಅಧ್ಯಯನ 2015ರಲ್ಲಿ 2,400ಕ್ಕೂ ಹೆಚ್ಚು ರೋಗಿಗಳ ಲೆಕ್ಕ ಕೊಟ್ಟಿತು: ಸಾಬೂನಿನಿಂದ ತೊಳೆದವರಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಮತ್ತೆ ಆಪರೇಷನ್ ಬೇಕಾಯಿತು, ಬರೀ ಸಲೈನ್ ನೀರಿನಿಂದ ತೊಳೆದವರಲ್ಲಿ ಸುಮಾರು 12. ಅಗ್ಗದ ಉಪ್ಪುನೀರೇ ಗೆದ್ದಿತು. ಸರಿ ಕಾಣುವುದು ಬೇರೆ, ಸರಿಯಾಗಿರುವುದು ಬೇರೆ. ಎಣಿಸಿ ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಎರಡನೆಯದು ಅಧ್ಯಯನದ ಕಾಗದ. ನೀವು ಬರೆದ ಪ್ರಕಾರ ಅದರಲ್ಲಿ ಹೊಸ ಔಷಧ ಇಲ್ಲ, ಚೀಟಿ ಎತ್ತುವುದಿಲ್ಲ. ಆಗುವ ಚಿಕಿತ್ಸೆ ಆಗುತ್ತಲೇ ಇರುತ್ತದೆ, ಅವರು ಪಕ್ಕದಲ್ಲಿ ನಿಂತು ಬರೆದುಕೊಳ್ಳುತ್ತಾರೆ. ಅಮ್ಮ ಎಷ್ಟು ದಿನಕ್ಕೆ ನಡೆದರು, ಮತ್ತೆ ಬಿದ್ದರೇ, ರಕ್ತದಲ್ಲಿ ಏನಿತ್ತು ಎಂದು. ಇದು ನೋಡಿ ಬರೆಯುವ ಅಧ್ಯಯನ. ಔಷಧವನ್ನೋ ಆಪರೇಷನ್ ಕ್ರಮವನ್ನೋ ಹೋಲಿಸುವ ಪ್ರಯೋಗ ಬೇರೆ, ಅದಕ್ಕೆ ಕಟ್ಟುಪಾಡುಗಳೂ ಹೆಚ್ಚು. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಕಾಗದ ತೆಗೆದು ಇನ್ನೊಮ್ಮೆ ಓದಿ. ಓದುವಾಗ ಇಷ್ಟು ಹುಡುಕಿ: ಅಧ್ಯಯನ ಯಾವುದಕ್ಕಾಗಿ? ರಕ್ತ ಎಷ್ಟು ತೆಗೆಯುತ್ತಾರೆ, ಪರೀಕ್ಷೆ ಮುಗಿದ ಮೇಲೆ ಚೆಲ್ಲುತ್ತಾರೋ ಕೂಡಿಡುತ್ತಾರೋ, ಮುಂದೆ ಬೇರೆ ಅಧ್ಯಯನಕ್ಕೆ ಬಳಸುತ್ತಾರೋ? ಹೆಸರು ಗುಟ್ಟಾಗಿ ಇರುತ್ತದೆಯೇ? ನಮ್ಮ ಕೈಯಿಂದ ಖರ್ಚು ಇದೆಯೇ? ಯಾವಾಗ ಬೇಕಾದರೂ ಬಿಡಬಹುದು ಎಂದು ಬರೆದಿದೆಯೇ? ಎಥಿಕ್ಸ್ ಕಮಿಟಿಯ ಫೋನ್ ನಂಬರ್ ಇದೆಯೇ?

ಆ ಕಮಿಟಿ ಎಂದರೆ ಸಂಶೋಧನೆ ಮಾಡುವವರ ಮೇಲೆ ಕಣ್ಣಿಡುವ ಪಂಚಾಯತಿ. ಅದರ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರಲ್ಲದ ಸಾಮಾನ್ಯ ಜನರ ಪರವಾಗಿಯೂ ಒಬ್ಬರು, ಕಾನೂನು ಬಲ್ಲವರೊಬ್ಬರು ಅದರಲ್ಲಿ ಕೂರಬೇಕು. ಔಷಧದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ಪುಸ್ತಕದಲ್ಲಿ ಅದರ ಹೆಸರು ಇರಲೇಬೇಕು. 2007ರಲ್ಲಿ ಶುರುವಾದ ಈ ನೋಂದಣಿ 2009ರ ಜೂನ್ 15ರಿಂದ ಕಡ್ಡಾಯವಾಗಿದೆ. ನಂಬರ್ ಕೇಳಿ ಪಡೆದರೆ ಮೊಬೈಲಿನಲ್ಲೇ ಯಾರು ಬೇಕಾದರೂ ನೋಡಬಹುದು. ಪ್ರಯೋಗದಿಂದಲೇ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಎಂದು 2019ರ ನಿಯಮಗಳಲ್ಲಿ ಬರೆದಿದೆ.

ಇಷ್ಟೆಲ್ಲ ನಿಯಮ ಸುಮ್ಮನೆ ಬರಲಿಲ್ಲ. ನಿಮ್ಮ ತಮ್ಮನ ಹೆದರಿಕೆ ಬುಡವಿಲ್ಲದ್ದು ಎಂದು ನಾನು ಹೇಳುವುದಿಲ್ಲ. ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ನಡೆದಾಗ, ಬುಡಕಟ್ಟು ಹೆಣ್ಣುಮಕ್ಕಳ ಪರವಾಗಿ ಅಪ್ಪ ಅಮ್ಮನ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದು ಬಯಲಾಯಿತು. 2010ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಕಟುವಾಗಿ ಬರೆಯಿತು. ಅಲ್ಲಿ ಕೆಟ್ಟ ಹೆಸರು ತಂದದ್ದು ಕೇಳಬೇಕಾದವರನ್ನು ಕೇಳದೆ ಬೇರೆಯವರು ಹಾಕಿದ ಸಹಿ. ನಿಮ್ಮ ಮನೆಯ ವಿಷಯಕ್ಕೂ ಇದು ಹತ್ತಿರವೇ ಬರುತ್ತದೆ, ಆದ್ದರಿಂದ ಹೇಳಿದೆ.

ಬಿಟ್ಟರೆ ಡಾಕ್ಟರುಗಳು ಬೇಸರಪಟ್ಟಾರೇ ಎಂದು ಕೇಳಿದಿರಿ. ಒಳ್ಳೆಯ ಸಂಶೋಧಕರಿಗೆ ಇದು ಮಾಮೂಲು. ಸೇರಿದ ಕೆಲವರು ಬಿಡುತ್ತಾರೆ ಎಂದು ಲೆಕ್ಕ ಹಾಕಿಯೇ ಅಧ್ಯಯನ ಶುರುಮಾಡುತ್ತಾರೆ. ಬಿಟ್ಟಿದ್ದಕ್ಕೆ ಚಿಕಿತ್ಸೆಯಲ್ಲಿ ಕಡಿಮೆ ಮಾಡುವಂತಿಲ್ಲ, ಕಾರಣ ಕೇಳಿ ಪೀಡಿಸುವಂತಿಲ್ಲ. ಹಾಗೆ ಯಾರಾದರೂ ಮಾಡಿದರೆ ಅದೇ ಕಾಗದದಲ್ಲಿರುವ ಕಮಿಟಿಯ ನಂಬರಿಗೆ ಫೋನ್ ಮಾಡುವುದು ನಿಮ್ಮ ಹಕ್ಕು.

ಮೂರನೆಯದು ಇಂಜೆಕ್ಷನ್ನಿನ ಚೀಟಿ. ಆರು ತಿಂಗಳಿಗೊಮ್ಮೆ, ಎಲುಬಿಗೆ, ಆಂಟಿಬಾಡಿ ಎಂದಿದ್ದೀರಿ. ಬಹುಮಟ್ಟಿಗೆ ಅದು ಡೆನೊಸುಮ್ಯಾಬ್ ಇರಬೇಕು. ಚೀಟಿಯಲ್ಲಿ ಹೆಸರು ನೋಡಿಕೊಳ್ಳಿ. ಅದಾಗಿದ್ದರೆ ಅದು ಪ್ರಯೋಗದ ಹಂತ ದಾಟಿ ವರ್ಷಗಳಾದವು. 2010ರಿಂದ ಬಳಕೆಯಲ್ಲಿದೆ, ನಮ್ಮ ದೇಶದಲ್ಲೇ ತಯಾರಾಗುವ ಅದರ ತದ್ರೂಪಿಗಳೂ ಸಿಗುತ್ತವೆ.

ಆಂಟಿಬಾಡಿ, ಅಂದರೆ ಪ್ರತಿಕಾಯ, ನಮ್ಮ ಮೈಯಲ್ಲೇ ಇರುವ ವಸ್ತು. ಹೊರಗಿನಿಂದ ಬಂದ ರೋಗಾಣುವಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುತ್ತದೆ. ಒಂದು ಬೀಗಕ್ಕೆ ಒಂದೇ ಕೀಲಿ ಎಂಬ ಹಾಗೆ ಒಂದು ಪ್ರತಿಕಾಯಕ್ಕೆ ಒಂದೇ ಗುರಿ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಎಂಬಿಬ್ಬರು ಬೇಕಾದ ಒಂದೇ ಬಗೆಯ ಪ್ರತಿಕಾಯವನ್ನು ಲ್ಯಾಬಿನಲ್ಲಿ ಬೇಕಾದಷ್ಟು ತಯಾರಿಸುವ ದಾರಿ ಕಂಡುಹಿಡಿದರು, 1984ರಲ್ಲಿ ನೊಬೆಲ್ ಪಡೆದರು. ಹೆಸರಿನ ಕೊನೆಯಲ್ಲಿ ‘ಮ್ಯಾಬ್’ ಎಂದಿದ್ದರೆ ಅದು ಈ ಕುಲದ ಔಷಧ ಎಂದು ತಿಳಿಯಿರಿ. ಹುಚ್ಚುನಾಯಿ ಕಚ್ಚಿದವರಿಗೆ ಗಾಯದ ಸುತ್ತ ಚುಚ್ಚುವ ಇಂಥದೊಂದು ಪ್ರತಿಕಾಯವನ್ನು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುತ್ತದೆ. 2018ರಲ್ಲಿ ಕೇರಳದ ಕೋಝಿಕ್ಕೋಡಿಗೆ ನಿಪಾ ಬಂದಾಗ, ಇದು ನಿಪಾ ಎಂದು ಮೊದಲು ಗುರುತು ಹಿಡಿದದ್ದು ನಮ್ಮ ಮಣಿಪಾಲದ ವೈರಾಣು ಕೇಂದ್ರ. ಆಗ ಆಸ್ಟ್ರೇಲಿಯಾದಿಂದ ತರಿಸಿಟ್ಟ ಔಷಧವೂ ಲ್ಯಾಬಿನ ಪ್ರತಿಕಾಯವೇ. ಅದು ಬಂದು ಸೇರುವಷ್ಟರಲ್ಲಿ ರೋಗ ಇಳಿದಿತ್ತು. ಲ್ಯಾಬಿನದ್ದು ಎಂದ ಮಾತ್ರಕ್ಕೆ ಕೃತಕ, ಅಪಾಯ ಎಂದು ಹೆದರುವ ಕಾರಣವಿಲ್ಲ.

ಎಲುಬಿಗೂ ಪ್ರತಿಕಾಯಕ್ಕೂ ಏನು ಸಂಬಂಧ? ಅಮ್ಮನ ಹಳೆ ಮನೆಯನ್ನೇ ನೆನೆಸಿಕೊಳ್ಳಿ. ಕೆಂಪುಕಲ್ಲಿನ ಗೋಡೆ ಅಲ್ಲಲ್ಲಿ ಶಿಥಿಲವಾದರೆ ಒಬ್ಬ ಕಿತ್ತು ತೆಗೆಯುತ್ತಾನೆ, ಇನ್ನೊಬ್ಬ ಹೊಸ ಕಲ್ಲು ಕೂರಿಸುತ್ತಾನೆ. ನಮ್ಮ ಎಲುಬಿನೊಳಗೂ ಕೀಳುವ ಕಣಗಳು, ಕಟ್ಟುವ ಕಣಗಳು ಜೀವನವಿಡೀ ಹೀಗೇ ದುಡಿಯುತ್ತವೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕೀಳುವವರ ಕೈ ಮೇಲಾಗುತ್ತದೆ. ಗೋಡೆ ಹೊರಗಿನಿಂದ ನೆಟ್ಟಗೆ ಕಂಡರೂ ಒಳಗೆ ಟೊಳ್ಳು. ಕೀಳುವವರನ್ನು ಕೆಲಸಕ್ಕೆ ಕರೆಯುವ ಒಂದು ಸಂಕೇತ ಮೈಯಲ್ಲಿದೆ. ಡೆನೊಸುಮ್ಯಾಬ್ ಆ ಕರೆಯನ್ನು ದಾರಿಯಲ್ಲೇ ಹಿಡಿದು ನಿಲ್ಲಿಸುತ್ತದೆ, ಆರು ತಿಂಗಳ ಮಟ್ಟಿಗೆ.

ಲಾಭ ಎಷ್ಟು? ಎಲುಬು ಸವೆದ 7,868 ಹೆಂಗಸರನ್ನು ಮೂರು ವರ್ಷ ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಬೆನ್ನೆಲುಬು ಹೊಸದಾಗಿ ಕುಸಿದದ್ದು ಔಷಧವಿಲ್ಲದವರಲ್ಲಿ ನೂರಕ್ಕೆ 7 ಮಂದಿಗೆ, ಔಷಧ ಪಡೆದವರಲ್ಲಿ ಸುಮಾರು 2 ಮಂದಿಗೆ. ಸೊಂಟ ಮುರಿದದ್ದು ಸಾವಿರಕ್ಕೆ 12ರ ಬದಲು 7. ‘ಶೇಕಡಾ 40 ಕಡಿಮೆ’ ಎಂದು ಹೇಳಿದರೂ ಇದೇ ಲೆಕ್ಕ, ‘ಸಾವಿರಕ್ಕೆ 5 ಮಂದಿ ಉಳಿದರು’ ಎಂದರೂ ಇದೇ ಲೆಕ್ಕ. ಯಾವ ಔಷಧದ ಮಾತು ಬಂದರೂ ಎರಡೂ ರೀತಿಯಲ್ಲಿ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಒಂದು ಸಲ ಸೊಂಟ ಮುರಿದುಕೊಂಡವರಿಗೆ ಮತ್ತೆ ಮುರಿಯುವ ಸಂಭವ ಹೆಚ್ಚು, ಆದ್ದರಿಂದ ಅಮ್ಮನಂಥವರಿಗೆ ಎಲುಬಿನ ಔಷಧ ಕೊಡದೆ ಕಳಿಸಿದ್ದರೆ ನಾನು ಹೆಚ್ಚು ಚಿಂತೆ ಮಾಡುತ್ತಿದ್ದೆ.

ಆದರೆ ಇದರಲ್ಲಿ ಒಂದು ಷರತ್ತಿದೆ, ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಈ ಇಂಜೆಕ್ಷನ್ ಶುರುಮಾಡಿ ಮಧ್ಯೆ ನಿಲ್ಲಿಸಿಬಿಟ್ಟರೆ, ತಡೆದು ನಿಲ್ಲಿಸಿದ್ದ ಕೀಳುವವರೆಲ್ಲ ಒಟ್ಟಿಗೆ ಕೆಲಸಕ್ಕೆ ಇಳಿದ ಹಾಗಾಗುತ್ತದೆ. ಗಳಿಸಿದ ಗಟ್ಟಿತನ ಕೆಲವೇ ತಿಂಗಳಲ್ಲಿ ಕರಗಿ, ಕೆಲವರಿಗೆ ಬೆನ್ನೆಲುಬಿನ ಒಂದಕ್ಕಿಂತ ಹೆಚ್ಚು ಮಣಿಗಳು ಕುಸಿದದ್ದುಂಟು. ಹಿಂದಿನ ಡೋಸಿನಿಂದ ಏಳು ತಿಂಗಳು ಮೀರಬಾರದು. ನಿಲ್ಲಿಸಬೇಕೆಂದರೂ ಡಾಕ್ಟರು ಬೇರೆ ಔಷಧಕ್ಕೆ ದಾಟಿಸಿಯೇ ನಿಲ್ಲಿಸಬೇಕು. ಆದ್ದರಿಂದ ಶುರುಮಾಡುವ ಮೊದಲೇ ಮನೆಯವರು ಕೂತು ಮಾತಾಡಬೇಕು: ವರ್ಷಕ್ಕೆ ಎರಡು ಸಲ ಕಾರ್ಕಳದಿಂದ ಕರೆದುಕೊಂಡು ಹೋಗುವವರು ಯಾರು, ಖರ್ಚು ಯಾರದು? ತಮ್ಮನಿಗೆ ಹೇಳುವ ಕೆಲಸ ಇದು. ಧ್ವನಿ ಸಂದೇಶದ ಬದಲು ಇಂಜೆಕ್ಷನ್ನಿನ ದಿನಾಂಕ ಅವನ ಮೊಬೈಲಿನಲ್ಲಿ ಗಂಟೆ ಬಾರಿಸಲಿ.

ಡಾಕ್ಟರಿಗೆ ಹೇಳಲೇಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಅಮ್ಮನಿಗೆ ಕಿಡ್ನಿ ತೊಂದರೆ ಇದ್ದರೆ ಹೇಳಿ. ಈ ಔಷಧದಿಂದ ರಕ್ತದ ಕ್ಯಾಲ್ಸಿಯಂ ಇಳಿಯಬಹುದು, ಡಯಾಲಿಸಿಸ್‌ನಲ್ಲಿರುವವರಿಗೆ ಅದು ಪ್ರಾಣಾಪಾಯದಷ್ಟು ಇಳಿಯಬಹುದು. ಇಂಜೆಕ್ಷನ್ನಿಗೆ ಮೊದಲು ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿದ್ದಾರೆಯೇ ಎಂದು ಕೇಳಿ. ಕೀಳಿಸಬೇಕಾದ ಹಲ್ಲಿದ್ದರೆ ಮೊದಲೇ ಹೇಳಿ, ಅಪರೂಪಕ್ಕೆ ದವಡೆಯ ಎಲುಬಿಗೆ ತೊಂದರೆಯಾಗುತ್ತದೆ. ವರ್ಷಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುವ ಜೋಲೆಡ್ರಾನಿಕ್ ಆಮ್ಲ ಎಂಬ ಇನ್ನೊಂದು ಔಷಧವಿದೆ. ಅದು ಪ್ರತಿಕಾಯವಲ್ಲ. ಸೊಂಟದ ಆಪರೇಷನ್ ಆದ 2,127 ಮಂದಿಗೆ 90 ದಿನದೊಳಗೆ ಶುರುಮಾಡಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಮತ್ತೆ ಎಲುಬು ಮುರಿದವರು ನೂರಕ್ಕೆ ಸುಮಾರು 14ರಿಂದ 9ಕ್ಕೆ ಇಳಿದರು, ಸತ್ತವರು ಸುಮಾರು 13ರಿಂದ 10ಕ್ಕೆ. ‘ಅಮ್ಮನಿಗೆ ಇದು ಆಗುವುದಿಲ್ಲವೇ, ಅದನ್ನೇ ಯಾಕೆ ಆರಿಸಿದಿರಿ?’ ಎಂದು ಕೇಳಿ. ವರ್ಷಕ್ಕೆರಡು ಸಲ ಬರಲು ಕಷ್ಟ ಎಂಬುದೂ ಡಾಕ್ಟರಿಗೆ ತಿಳಿಯಬೇಕಾದ ಸಂಗತಿಯೇ.

ಈಗ ನಿಮ್ಮ ಸಹಿಗೆ ಬರುತ್ತೇನೆ. ತಪ್ಪಾಯಿತೇ? ಆಪರೇಷನ್ನಿನ ತರಾತುರಿಯಲ್ಲಿ ಹಾಕಿದ್ದಕ್ಕೆ ನಿಮ್ಮನ್ನು ದೂರುವವಳು ನಾನಲ್ಲ. ಮಗಳಾದವಳು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಾಗ ಚಾಚಿದ ಕಾಗದಕ್ಕೆಲ್ಲ ಸಹಿ ಹಾಕುತ್ತಾಳೆ, ನಾನೂ ಹಾಕಿದ್ದೇನೆ. ಆದರೆ ಅಧ್ಯಯನದ ಒಪ್ಪಿಗೆ ಬೇರೆ. ತಿಳಿವಳಿಕೆ ಇರುವ ವಯಸ್ಕರ ಪರವಾಗಿ ಇನ್ನೊಬ್ಬರು ಒಪ್ಪುವಂತಿಲ್ಲ. ಓದಲು ಬಾರದವರಾದರೆ ಸಂಬಂಧವಿಲ್ಲದ ಒಬ್ಬ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಹಾಕಿಸಬೇಕು. ಅಮ್ಮ ಆಗ ಗೊಂದಲದಲ್ಲಿದ್ದುದರಿಂದ ನಿಮ್ಮನ್ನು ಕೇಳಿರಬಹುದು. ಸೊಂಟ ಮುರಿದ ಹಿರಿಯರಿಗೆ ಎರಡು ಮೂರು ದಿನ ಹಾಗಾಗುವುದು ಬಹಳ ಸಾಮಾನ್ಯ, ಅದು ಹುಚ್ಚಲ್ಲ. ಆದರೆ ತಿಳಿ ಬಂದ ಮೇಲೆ ಅವರನ್ನೇ ಹೊಸದಾಗಿ ಕೇಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ.

ಹಿಂದೊಮ್ಮೆ ಒಂದು ವಾರ್ಡಿನಲ್ಲಿ ಕಂಡದ್ದು ಹೇಳುತ್ತೇನೆ. ಮಲ್ಪೆ ಕಡೆಯ ಒಬ್ಬ ಅಜ್ಜಿ, ಮಣಿಕಟ್ಟು ಮುರಿದಿತ್ತು. ಮಂಚದ ಆಚೆ ಮಗ, ಈಚೆ ಡಾಕ್ಟರು, ಇಬ್ಬರೂ ಕನ್ನಡದಲ್ಲಿ ಅಧ್ಯಯನದ ಮಾತಾಡುತ್ತಿದ್ದರು. ಕಣ್ಣು ಮುಚ್ಚಿ ಮಲಗಿದ್ದ ಅಜ್ಜಿ ತುಳುವಿನಲ್ಲಿ ಕೇಳಿದರು: “ಎನಡ ಏರ್ ಕೇಂಡೆರ್?” ನನ್ನನ್ನು ಯಾರು ಕೇಳಿದರು? ಇಬ್ಬರೂ ಸುಮ್ಮನಾದರು. ಆಮೇಲೆ ಮಗ ಕೂತು ಇಡೀ ಕಾಗದವನ್ನು ತುಳುವಿನಲ್ಲಿ ಬಿಡಿಸಿ ಹೇಳಿದ. ರಕ್ತ ಎಷ್ಟು ಎಂದು ಅಜ್ಜಿ ಕೇಳಿದರು, ಡಾಕ್ಟರು ಕಿರುಬೆರಳಿನಷ್ಟು ಗಾಜಿನ ನಳಿಗೆ ತೋರಿಸಿದರು. “ಬೂತಾಯಿ ಕೊಯ್ಯುವಾಗ ನನ್ನ ಬೆರಳಿನಿಂದ ಇದಕ್ಕಿಂತ ಹೆಚ್ಚು ಹೋಗಿದೆ” ಎಂದು ನಕ್ಕರು. ರಕ್ತಕ್ಕೆ ಒಪ್ಪಿದರು. ಫೋನ್ ಮಾತ್ರ ಬೆಳಿಗ್ಗೆ ಮೀನು ಮಾರುವ ಹೊತ್ತಿಗೆ ಮಾಡಬಾರದು ಎಂದರು. ಡಾಕ್ಟರು ಸಂಜೆ ಎಂದು ಬರೆದುಕೊಂಡರು. ಕೇಳಿದರೆ ಹಿರಿಯರು ಬೇಡವೆಂದೇ ಹೇಳುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅವರು ಚೌಕಾಸಿ ಮಾಡುತ್ತಾರೆ. ಬಾಳೆಲ್ಲ ಮಾಡಿದವರು.

ನಿಮ್ಮ ಅಮ್ಮನಿಗೂ ತುಳು ಸಲೀಸಾಗಿದ್ದರೆ ಕಾಗದ ಕನ್ನಡದಲ್ಲಿದೆ ಎಂದು ಬಿಡಬೇಡಿ. ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂಬುದು ನಿಯಮ. ಒಂದು ಸಂಜೆ ಕಾರ್ಕಳಕ್ಕೆ ಹೋಗಿ, ಚಾವಡಿಯಲ್ಲಿ ಪಕ್ಕ ಕೂತು, ಸಾಲು ಸಾಲಾಗಿ ತುಳುವಿನಲ್ಲಿ ಹೇಳಿ. ತಮ್ಮನನ್ನು ವಿಡಿಯೋ ಕರೆಯಲ್ಲಿ ಇಟ್ಟುಕೊಳ್ಳಿ, ಆದರೆ ಕೇಳಲಿಕ್ಕೆ ಮಾತ್ರ. ದೂರ ಇದ್ದವರ ಹೆದರಿಕೆ ದೊಡ್ಡ ದನಿಯಲ್ಲಿ ಬರುತ್ತದೆ, ಕೈಗೆ ಒಂದು ಕೆಲಸ ಸಿಕ್ಕರೆ ದನಿ ಇಳಿಯುತ್ತದೆ.

ಅಮ್ಮ ‘ಇದರಿಂದ ನನಗೆ ಎಂತ ಸಿಗುತ್ತದೆ?’ ಎಂದು ಕೇಳಿದರೆ ಸುಳ್ಳು ಹೇಳಬೇಡಿ. ಬಹುಶಃ ಏನೂ ಸಿಗುವುದಿಲ್ಲ. ಆಗ ಅವರ ಹಿರಿಯರ ಕಾಲದ ಒಂದು ಮಾತು ನೆನಪಿಸಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಒಯ್ಯುತ್ತಿದ್ದರು. ಎರಡಾಣೆಯಲ್ಲಿ ಏನಾಗುತ್ತದೆ ಎಂದು ಆಗಲೂ ಕೇಳಿದವರಿದ್ದರು. ಆ ಬ್ಯಾಂಕು ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ ಅವರೇ 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು. ಅಧ್ಯಯನವೂ ಪಿಗ್ಮಿಯ ಹಾಗೆ. ಒಬ್ಬೊಬ್ಬರು ಎರಡಾಣೆ ಹಾಕುತ್ತಾರೆ. ವ್ಯತ್ಯಾಸ ಒಂದೇ: ಇದರ ಬಡ್ಡಿ ಹೆಚ್ಚಾಗಿ ಬೇರೆಯವರ ಮನೆಗೆ ಹೋಗುತ್ತದೆ. ಅಮ್ಮನಿಗೆ ಅರ್ಧ ಕೀಲು ಸಾಕು ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಗುರುತಿಲ್ಲದವರು ಹಾಕಿದ ಎರಡಾಣೆಯಿಂದ. ತಿರುಗಿ ಹಾಕಲೇಬೇಕೆಂಬ ಸಾಲವೇನೂ ಅಲ್ಲ. ಹಾಕುವುದೂ ಬಿಡುವುದೂ ಅವರ ಇಷ್ಟ.

ಕೊನೆಯದಾಗಿ, ಔಷಧಕ್ಕಿಂತ ಮೊದಲು ಆಗಬೇಕಾದ ಒಂದು ಕೆಲಸ. ಹಿಂದೆ ಮಳೆಗಾಲಕ್ಕೆ ಮುಂಚೆ ಅಂಗಳಕ್ಕೆ ಸೋಗೆ ಹಾಸುತ್ತಿದ್ದರು, ಹಟ್ಟಿಗೆ ಹೋಗುವ ದಾರಿಗೆ ಅಡಿಕೆ ಮರದ ಸಲಾಕೆ ಅಡ್ಡಡ್ಡ ಜೋಡಿಸುತ್ತಿದ್ದರು. ಈಗ ಅಂಗಳಕ್ಕೆ ಸಿಮೆಂಟು ಬಂತು, ಸೋಗೆ ಹೋಯಿತು, ಪಾಚಿ ಉಳಿಯಿತು. ಪಾಚಿ ಕೆರೆಸಿ ಹಾಕಿ, ಹಟ್ಟಿಯ ದಾರಿಗೆ ಹಿಡಿದುಕೊಳ್ಳಲು ಕಂಬಿ ಮಾಡಿಸಿ, ಬಚ್ಚಲಿನ ಗೋಡೆಗೊಂದು ಕಬ್ಬಿಣದ ಹಿಡಿ, ರಾತ್ರಿ ಉರಿಯುವ ಸಣ್ಣ ದೀಪ. ಕಣ್ಣಿನ ಪೊರೆ ಪರೀಕ್ಷೆ ಮಾಡಿಸಿ, ಬಿಪಿ ಮಾತ್ರೆಯಿಂದ ಏಳುವಾಗ ತಲೆ ತಿರುಗುತ್ತದೆಯೇ ಕೇಳಿ. ಮೀನು ತಿನ್ನುವ ಮನೆಯಾದರೆ ಬೂತಾಯಿ, ಇಲ್ಲವಾದರೆ ರಾಗಿ, ಎಳ್ಳು, ಮಜ್ಜಿಗೆ ತಟ್ಟೆಯಲ್ಲಿರಲಿ. ಬೀಳದಿದ್ದರೆ ಟೊಳ್ಳು ಎಲುಬೂ ಸುಲಭಕ್ಕೆ ಮುರಿಯುವುದಿಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮೂರು ಕಾಗದಗಳನ್ನು ಮೂರು ಬೇರೆ ಲಕೋಟೆಯಲ್ಲಿ ಹಾಕಿಕೊಳ್ಳಿ. ಅಧ್ಯಯನದಲ್ಲಿ ಉಳಿಯಬೇಕೇ ಬೇಡವೇ ಎಂಬ ಮಾತು ಬಂದಾಗ ನೀವು ಸುಮ್ಮನಿರಿ, ಅಮ್ಮ ಮಾತಾಡಲಿ. ಅವರು ಬೇಡ ಎಂದರೆ ಹೆಸರು ತೆಗೆಸಿ ಬನ್ನಿ, ಹೂಂ ಎಂದರೆ ಪೆನ್ನು ಅವರ ಕೈಗೆ ಕೊಡಿ.